ನಿದ್ದೆಗಣ್ಣಿನಲ್ಲಿ ತಿಂದ ಸಕ್ಕರೆ

ಪಾತ್ರೆ ಮಾರುವವನಿಗೆ ನಿದ್ದೆಯ ತೊಂದರೆ ಬರುವುದೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಹಾನಗಲ್ಲಿನ ಪೇಟೆಯಲ್ಲಿ ನನ್ನದು ಭಾಂಡೆ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಕೊಡ, ತಂಬಿಗೆ, ತಾಟು, ಡಬರಿಗಳ ಸದ್ದಿನಲ್ಲೇ ನನ್ನ ಬದುಕು. ಮಧ್ಯಾಹ್ನ ಉಂಡು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರೆ, ಎದುರಿಗೆ ಗಿರಾಕಿಗಳು ಕೊಡವನ್ನು ಬೆರಳಿನಿಂದ ಬಾರಿಸಿ ಬಾರಿಸಿ ನೋಡುತ್ತಿರುವಾಗಲೂ ಒಂದು ಜೊಂಪು ತೆಗೆಯಬಲ್ಲವನು ಎಂಬ ಕೀರ್ತಿ ನನಗಿತ್ತು. ಯಾರಾದರೂ 'ರಾತ್ರಿ ನಿದ್ದಿ ಹತ್ತಲಿಲ್ಲ' ಎಂದರೆ ನಾನು ಅವರನ್ನು ಕನಿಕರದಿಂದ ನೋಡುತ್ತಿದ್ದೆ. ಕಣ್ಣು ಮುಚ್ಚುವುದಕ್ಕೂ ಬಾರದ ಜನರಿದ್ದಾರಲ್ಲ ಎಂದು ಮರುಗುತ್ತಿದ್ದೆ!

ಆ ಸೊಕ್ಕು ಇಳಿದದ್ದು ಪವಿತ್ರಾಳ ಮದುವೆಯ ಮಾತು ಶುರುವಾದಾಗ.

ಪವಿತ್ರಾ ನನ್ನ ಶಾಂತಕ್ಕನ ಮಗಳು. ಅಕ್ಕನ ಮನೆ ಆಡೂರಿನಲ್ಲಿ. ಭಾವ ತೀರಿಕೊಂಡಾಗ ಈ ಹುಡುಗಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅಂದಿನಿಂದ ಅವಳ ಪಾಲಿಗೆ ಅಪ್ಪ, ಮಾವ ಎರಡೂ ನಾನೇ. ಓದಿದಳು, ಹತ್ತಿಮತ್ತೂರಿನ ದನದ ದವಾಖಾನೆಯಲ್ಲಿ ನೌಕರಿ ಹಿಡಿದಳು. ಹಾಯಲು ಬರುವ ಎಮ್ಮೆಯನ್ನು ಗದರಿಸಿ ನಿಲ್ಲಿಸಿ ಸೂಜಿ ಚುಚ್ಚುವ ಹುಡುಗಿ ಅವಳು. ಅವಳಿಗೆ ಹಂಸಭಾವಿಯ ಕಡೆಯ ಸಂಬಂಧ ಬಂತು. ಹುಡುಗ ಮಂಜುನಾಥ ಶಿಗ್ಗಾವಿಯ ಕಾಲೇಜೊಂದರಲ್ಲಿ ಗ್ರಂಥಪಾಲಕ. ಇಬ್ಬರೂ ನೋಡಿಕೊಂಡರು, ಮಾತಾಡಿದರು, ಮೆಚ್ಚಿಕೊಂಡರು. ಇನ್ನು ಉಳಿದದ್ದು ಹಿರಿಯರ ಮಾತುಕತೆ. ಹುಡುಗನ ತಂದೆ ಈರಪ್ಪಗೌಡರೂ ಅವರ ತಾಯಿಯೂ ಭಾನುವಾರ ನಮ್ಮ ಮನೆಗೆ ಬರುವುದೆಂದು ಗೊತ್ತಾಯಿತು. ಹುಡುಗಿಯ ಕಡೆಯಿಂದ ಮಾತಾಡಬೇಕಾದ ಹಿರಿಯ ಯಾರು? ನಾನು!

ಸೋಮವಾರ ಸಂಜೆ ಪವಿತ್ರಾ ಫೋನ್ ಮಾಡಿದಳು.

"ಮಾಮಾ, ನಂದು ಒಂದ ಮಾತು. ನಾ ನೌಕರಿ ಬಿಡೂದಿಲ್ಲ. ಹುಡುಗಗ ಹೇಳೇನಿ, ಅವರು ಹೂಂ ಅಂದಾರ. ಆದ್ರ ಅವರ ಮನಿ ಹಿರೇರ ಮುಂದ ನೀ ಹೇಳಬೇಕು. ಸಕ್ಕರಿ ತಿನ್ನೂದ್ಕಿಂತ ಮದಲ!"

ಸಕ್ಕರೆಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆಯ ಮಾತು ಪಕ್ಕಾ ಆಯಿತು ಎನ್ನುವುದಕ್ಕೆ ಕಾಗದ ಪತ್ರ ಬೇಕಿಲ್ಲ. ಆ ಕಡೆಯ ಹಿರಿಯರು ಈ ಕಡೆಯ ಹಿರಿಯರ ಬಾಯಿಗೆ ಚಿಟಿಕೆ ಸಕ್ಕರೆ ಹಾಕುತ್ತಾರೆ, ಇವರು ಅವರ ಬಾಯಿಗೆ ಹಾಕುತ್ತಾರೆ. ಆ ಸಕ್ಕರೆ ಕರಗಿತೆಂದರೆ ಮುಗಿಯಿತು. ಆಮೇಲೆ 'ಒಂದು ಮಾತು ಮರೆತಿದ್ದೆ' ಎನ್ನುವ ಹಾಗಿಲ್ಲ. ಹೇಳುವುದಿದ್ದರೆ ನಾಲಿಗೆ ಸಪ್ಪಗಿರುವಾಗಲೇ ಹೇಳಬೇಕು.

"ಅಷ್ಟ ಹೌದಿಲ್ಲೋ? ಹೇಳ್ತೇನಿ ಬಿಡು," ಎಂದೆ.

"ಖರೇ ಹೇಳ್ತೀ?"

"ಏ, ನಿಮ್ಮ ಮಾಮಾ ಅದಾನಲ್ಲವಾ!"

ಫೋನಿಟ್ಟ ಐದೇ ನಿಮಿಷಕ್ಕೆ ಅಕ್ಕನ ಫೋನು.

"ಬಸು, ಅಕಿ ನೌಕರಿ ಮಾತು ಎತ್ತಬ್ಯಾಡಪಾ. ಆ ಮನಿ ಅಜ್ಜಿ ಭಾಳ ಖಡಕ್ ಅಂತ. ಅವರ ಮನ್ಯಾಗ ಒಬ್ಬ ಸೊಸಿನೂ ನೌಕರಿಗೆ ಹೊಂಟಿಲ್ಲಂತ. ಮದಲ ಸಕ್ಕರಿ ತಿನ್ನು, ಆಮ್ಯಾಲೆ ಸಾವಕಾಶ ಹೇಳಿದ್ರಾತು. ಇಂಥಾ ಸಂಬಂಧ ತಪ್ಪಿಸಬ್ಯಾಡ."

ನಾನು ಅಕ್ಕನಿಗೂ "ಹೂಂ" ಎಂದೆ. ಒಂದೇ ಬಾಯಿಯಿಂದ, ಒಂದೇ ಸಂಜೆ, ಎರಡು ಹೂಂ!

ಅಂದು ರಾತ್ರಿ ಹಾಸಿಗೆಗೆ ಹೋದೆ, ಕಣ್ಣು ಮುಚ್ಚಿದೆ. ಒಳಗೆ ದೀಪ ಉರಿಯುತ್ತಲೇ ಇತ್ತು. ಹೇಳಬೇಕಾದ ಆ ಒಂದು ಮಾತನ್ನು ಬಗೆಬಗೆಯಾಗಿ ಹೇಳಿ ನೋಡಿದೆ. ವಿನಯದಿಂದ ಹೇಳಿದೆ, ನಗುತ್ತ ಹೇಳಿದೆ, ಕೆಮ್ಮಿ ಹೇಳಿದೆ. ಹೇಗೆ ಹೇಳಿದರೂ ಕೊನೆಗೆ ನಾನು ಇನ್ನೂ ನೋಡದ ಆ ಅಜ್ಜಿ ಕೋಲು ಊರಿ ಎದ್ದು ಹೋಗುತ್ತಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ ಗಿರಿಜಾ ತಲೆದಿಂಬು ಮುಟ್ಟುವ ಮೊದಲೇ ನಿದ್ದೆ ಹೋಗಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಕೋಳಿ ಕೂಗುವವರೆಗೂ ನಾನು ಆ ಗೊರಕೆಗೆ ಕಾವಲು ಕುಳಿತೆ.

ಬೆಳಿಗ್ಗೆ ಪಕ್ಕದ ಮನೆಯ ಕುಲಕರ್ಣಿ ಮಾಸ್ತರರು ಕಟ್ಟೆಯ ಮೇಲೆ ನಿಂತು ನನ್ನನ್ನು ನೋಡಿದರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ನಿವೃತ್ತರಾಗಿ ಬಹಳ ವರ್ಷವಾದರೂ ನನ್ನ ಮಟ್ಟಿಗೆ ಇನ್ನೂ ನಿವೃತ್ತರಾಗಿಲ್ಲ.

"ಯಾಕೋ ಬಸವರಾಜ, ಕಣ್ಣು ಮೆಣಸಿನಕಾಯಿ ಆಗ್ಯಾವ?"

ಎಲ್ಲ ಹೇಳಿಕೊಂಡೆ. ಮಾಸ್ತರರಿಗೆ ಬಹಳ ಸಂತೋಷವಾಯಿತು! ಒಬ್ಬ ದಡ್ಡ ವಿದ್ಯಾರ್ಥಿ ತಾನಾಗಿಯೇ ಪಾಠ ಕೇಳಲು ಬಂದರೆ ಯಾವ ಮಾಸ್ತರರಿಗೆ ಸಂತೋಷವಾಗುವುದಿಲ್ಲ? ಒಳಗೆ ಹೋದವರು ಅರ್ಧ ತಾಸಿನಲ್ಲಿ ಒಂದು ಹಾಳೆ ತಂದುಕೊಟ್ಟರು. ದುಂಡಗಿನ ಅಕ್ಷರ. ಮೇಲೆ 'ಶೀಘ್ರ ನಿದ್ರಾ ಪ್ರಾಪ್ತಿಯ ಕ್ರಮಗಳು' ಎಂಬ ಶೀರ್ಷಿಕೆ. ಶೀರ್ಷಿಕೆಯ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ.

"ಇದು ವಿಜ್ಞಾನ. ಔಷಧ ಬ್ಯಾಡ, ಗುಳಿಗಿ ಬ್ಯಾಡ. ದಿನಾ ಒಂದೊಂದು ಮಾಡು. ಮುಂಜಾನೆ ಬಂದು ನನಗ ವರದಿ ಒಪ್ಪಿಸು," ಎಂದರು.

ಮಂಗಳವಾರದ ಪಾಠ ಉಸಿರಾಟ. ನಾಲ್ಕು ಎಣಿಸುತ್ತ ಮೂಗಿನಿಂದ ಉಸಿರು ಎಳೆದುಕೊಳ್ಳಬೇಕು, ಏಳು ಎಣಿಸುವವರೆಗೆ ತಡೆಯಬೇಕು, ಎಂಟು ಎಣಿಸುತ್ತ ಬಾಯಿಂದ 'ಹೂಶ್' ಎಂದು ಬಿಡಬೇಕು. ಇದರಲ್ಲೇನು ಕಷ್ಟ? ಮೊದಲನೆಯ ಹೂಶ್ ಚೆನ್ನಾಗಿ ಬಂತು. ಎರಡನೆಯದು ಇನ್ನೂ ಚೆನ್ನಾಗಿ ಬಂತು. ಮೂರನೆಯದಕ್ಕೆ ಗಿರಿಜಾ ನಿದ್ದೆಯಲ್ಲೇ ಗದರಿದಳು.

"ಏನ್ರೀ, ಕುಕ್ಕರ್ ಮೂರು ಸೀಟಿ ಹೊಡೀತು. ಆರಿಸ್ರಿ!"

ಹೆಂಡತಿ ಹೇಳಿದ್ದನ್ನು ತಕ್ಷಣ ಮಾಡುವುದು ಇಪ್ಪತ್ತೈದು ವರ್ಷದ ರೂಢಿ. ಎದ್ದು ಹೋಗಿ ಒಲೆ ಆರಿಸಲು ನಿಂತೆ. ಒಲೆ ತಣ್ಣಗಿತ್ತು. ಸೀಟಿ ಹೊಡೆದದ್ದು ನಾನೇ ಎಂದು ಅರಿವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಬರಲಿದ್ದ ಅರೆಪಾವು ನಿದ್ದೆಯೂ ಹಾರಿಹೋಯಿತು.

ಬುಧವಾರದ ಪಾಠ ಕಲ್ಪನೆ. ನಿಮಗೆ ಪ್ರಿಯವಾದ ಶಾಂತ ಸ್ಥಳವೊಂದನ್ನು ಮನಸ್ಸಿನಲ್ಲಿ ತಂದುಕೊಂಡು ಅಲ್ಲಿ ಕುಳಿತಿರುವಂತೆ ಭಾವಿಸಬೇಕು. ನಾನು ನಮ್ಮ ಆನಿಕೆರೆಯ ದಂಡೆಯನ್ನು ಆರಿಸಿಕೊಂಡೆ. ತಂಪು ಗಾಳಿ, ನೀರಿನ ಮೇಲೆ ಬಿಳಿ ಕೊಕ್ಕರೆ. ಆಹಾ! ಆಗ ದಂಡೆಯ ಆ ತುದಿಯಿಂದ ಒಬ್ಬ ಹೆಣ್ಣುಮಗಳು ಕಂಕುಳಲ್ಲಿ ಕೊಡ ಇಟ್ಟುಕೊಂಡು ನನ್ನ ಕಡೆಗೇ ಬಂದಳು. "ಈ ಕೊಡ ಸೋರತೈತ್ರಿ, ಬದ್ಲಿ ಕೊಡ್ರಿ!" ಎಂದಳು. ಇದು ನಮ್ಮ ಅಂಗಡಿಯ ಕೊಡವೇ ಅಲ್ಲ ಎಂದೆ. ಅವಳು ಬಿಡಲಿಲ್ಲ. ನಾನೂ ಬಿಡಲಿಲ್ಲ. ಬೆಳಗಿನ ಜಾವದವರೆಗೆ ವಾದ ನಡೆದು ಕೊನೆಗೆ ನಾನೇ ಗೆದ್ದೆ. ಆದರೆ ಆ ಗೆಲುವನ್ನು ಅನುಭವಿಸಲು ಮೈಯಲ್ಲಿ ತ್ರಾಣವಿರಲಿಲ್ಲ.

"ಕಲ್ಪನಾಶಕ್ತಿ ಅತಿಯಾಗ್ಯದ," ಎಂದು ವರದಿ ಕೇಳಿದ ಮಾಸ್ತರರು ಹಾಳೆಯ ಅಂಚಿನಲ್ಲಿ ಬರೆದುಕೊಂಡರು. "ಮೂರನೇದ್ದು ಖಾತ್ರಿ. ಅದಕ್ಕ ತಲಿ ಬೇಕಾಗಿಲ್ಲ. ನಿನಗ ಹೇಳಿ ಮಾಡಿಸಿದಂಗದ."

ಮೂರನೆಯದು ಸ್ನಾಯುಗಳದ್ದು. ಅಂಗಾತ ಮಲಗಿ ಮೊದಲು ಕಾಲ್ಬೆರಳುಗಳನ್ನು ಬಿಗಿ ಹಿಡಿಯಬೇಕು, ಐದು ಎಣಿಸಿ ಸಡಿಲ ಬಿಡಬೇಕು. ಆಮೇಲೆ ಹಿಮ್ಮಡಿ, ಮೀನಖಂಡ, ಮೊಣಕಾಲು. ಹೀಗೆ ಒಂದೊಂದೇ ಅಂಗವನ್ನು ಬಿಗಿ ಹಿಡಿದು, ಸಡಿಲ ಬಿಟ್ಟು, ನೆತ್ತಿಯವರೆಗೆ ಹೋಗುವಷ್ಟರಲ್ಲಿ ಮನುಷ್ಯನಿಗೆ ಗಾಢ ನಿದ್ದೆ. ಗುರುವಾರ ರಾತ್ರಿ ಹಾಳೆಯನ್ನು ಒಂದು ಕೈಯಲ್ಲಿ ಹಿಡಿದು ಓದುತ್ತ, ಬಿಗಿ ಹಿಡಿಯುತ್ತ, ಮೀನಖಂಡಕ್ಕೆ ಬಂದಾಗ ಅದು ಗಂಟು ಕಟ್ಟಿಕೊಂಡುಬಿಟ್ಟಿತು. "ಅಯ್ಯಯ್ಯೋ!" ಎಂದು ನಾನು ಹೊಡೆದ ಬೊಬ್ಬೆಗೆ ಮಾಸ್ತರರ ಮನೆಯ ದೀಪವೂ ಹೊತ್ತಿಕೊಂಡಿತು.

ಗಿರಿಜಾ ಎದ್ದು ಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ಬೈದಳು, ಆದರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಓದೂದೂ ನೀವ, ಹಿಡಿಯೂದೂ ನೀವ. ಹಿಂಗಾದ್ರ ಕಾಲು ಹಿಡೀದ ಏನ ಮಾಡೀತು? ಕೊಡ್ರಿ ಇಲ್ಲೆ, ನಾ ಓದ್ತೇನಿ. ನೀವು ಮಾಡ್ಕೋತ ಹೋಗ್ರಿ."

ಎಂಥ ಹೆಂಡತಿ! ನನಗೆ ಅಭಿಮಾನ ಉಕ್ಕಿ ಬಂತು. ಅವಳು ಪಕ್ಕದಲ್ಲಿ ಒರಗಿ ಮೆಲ್ಲಗೆ ಓದತೊಡಗಿದಳು. "ಬೆರಳುಗಳನ್ನು ಬಿಗಿ ಹಿಡಿಯಿರಿ." ಹಿಡಿದೆ. "ಸಡಿಲ ಬಿಡಿರಿ." ಬಿಟ್ಟೆ. "ಹಿಮ್ಮಡಿ ಬಿಗಿ ಹಿಡಿಯಿರಿ." ಹಿಡಿದೆ. "ಸಡಿಲ ಬಿಡಿರಿ." ಬಿಟ್ಟೆ. ನೊಂದ ಮೀನಖಂಡವನ್ನು ಬಿಟ್ಟು ಮುಂದೆ ಹೋದಳು. "ಮೊಣಕಾಲು ಬಿಗಿ ಹಿಡಿಯಿರಿ." ಹಿಡಿದೆ. ಐದು ಎಣಿಸಿದೆ. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಸಡಿಲ ಬಿಡುವ ಆಜ್ಞೆ ಬರಲೇ ಇಲ್ಲ! ಹೊರಳಿ ನೋಡಿದರೆ ಹಾಳೆ ಅವಳ ಮುಖದ ಮೇಲೆ ಬಿದ್ದು ಉಸಿರಿನ ಜೊತೆ ಏಳುತ್ತ ಇಳಿಯುತ್ತ ಇತ್ತು.

ಮರುದಿನ ಅಂಗಡಿಯಲ್ಲಿ ಆಗಬಾರದ್ದು ಆಯಿತು. ಪಾತ್ರೆಯ ಮೇಲೆ ಹೆಸರು ಕೊರೆಯುವ ಕೆಲಸವನ್ನೂ ನಾನೇ ಮಾಡುತ್ತೇನೆ. ಅಂದು ಮದುವೆಯ ಉಡುಗೊರೆಗೆಂದು ಒಬ್ಬ ತಾಯಿ ದೊಡ್ಡದೊಂದು ಸ್ಟೀಲಿನ ತಾಟು ಆರಿಸಿ, ವಧೂವರರ ಹೆಸರು ಬರೆದ ಚೀಟಿ ಕೊಟ್ಟು ಸಂತೆಗೆ ಹೋದರು. ನಾನು ಮಷಿನ್ ಹಿಡಿದು ಶ್ರದ್ಧೆಯಿಂದ ಕೊರೆದೆ. ತಿರುಗಿ ಬಂದ ಆ ತಾಯಿ ತಾಟನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು.

"ಬಿಗಿ ಹಿಡಿಯಿರಿ, ಸಡಿಲ ಬಿಡಿರಿ."

ಅಂಗಡಿಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು.

"ಹೊಸಾ ಗಂಡ-ಹೆಂಡ್ತಿಗೆ ಇದೇನ್ ಉಪದೇಶರೀ ಅಣ್ಣಾರ?"

ಬೇರೆ ತಾಟಿನ ಮೇಲೆ ಚೀಟಿ ನೋಡಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಕೊರೆದುಕೊಟ್ಟೆ. ಉಪದೇಶದ ತಾಟು ನಮ್ಮ ಮನೆಯ ಅಡುಗೆಮನೆ ಸೇರಿತು.

ಶನಿವಾರ ಸಂಜೆ ಮಾಸ್ತರರ ಮುಂದೆ ಕೈಕಟ್ಟಿ ನಿಂತೆ. "ಸರ್, ಮೊಣಕಾಲು ದಾಟವಲ್ದು. ನಾಳೆ ಅವರು ಬರ್ತಾರ. ಈಗಿಂದನ ಎದಿ ಡಬಡಬ ಅನ್ನಾಕತ್ತೈತಿ."

"ಹಂಗಂದ್ರ ನಾಳೆ ಕುಂತಲ್ಲೇ ಮಾಡು. ಜಮಖಾನದ ಮ್ಯಾಲೆ ಕುಂತು ಕಾಲಬೆರಳ ಬಿಗಿ ಹಿಡಿ, ಬಿಡು. ಧೋತರದ ಒಳಗ ಯಾರಿಗೂ ಕಾಣ್ಸೂದಿಲ್ಲ. ಮನಸ್ಸು ಶಾಂತ ಆಗ್ತದ, ಮಾತು ಸರಳ ಬರ್ತದ."

"ಅಲ್ಲೇ ನಿದ್ದಿ ಬಂದ್ರ, ಸರ್?"

"ಐದು ರಾತ್ರಿ ಬರಲಾರದ್ದು ಹಗಲಿ ಹನ್ನೊಂದಕ್ಕ, ಅಷ್ಟು ಮಂದ್ಯಾಗ ಬರ್ತದೇನೋ ಹುಚ್ಚಾ!"

ಅವರು ವಿಜ್ಞಾನದ ಮಾಸ್ತರರು. ನಾನು ನಂಬಿದೆ.

ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಹಂಸಭಾವಿಯವರು ಬಂದರು. ಈರಪ್ಪಗೌಡರು ದೊಡ್ಡ ಆಳು, ದಪ್ಪ ಮೀಸೆ. ಕುಳಿತ ಕ್ಷಣದಿಂದ ಆಕಳಿಸತೊಡಗಿದರು. ನಮ್ಮ ಮನೆ ಅವರಿಗೆ ಹಿಡಿಸಲಿಲ್ಲ ಎಂದುಕೊಂಡೆ. ಮಂಜುನಾಥ ಗ್ರಂಥಾಲಯದಲ್ಲಿ ಕುಳಿತಷ್ಟೇ ಸದ್ದಿಲ್ಲದೆ ಕುಳಿತ. ಅಜ್ಜಿ ಮಾತ್ರ ನಾನು ಆರು ರಾತ್ರಿ ಕಂಡ ಅಜ್ಜಿಯೇ! ಅದೇ ಕೋಲು, ಅದೇ ನೋಟ. ಒಳಗೆ ಗಿರಿಜಾ ಮೆಣಸಿನಕಾಯಿ ಭಜಿ ಕರಿಯುತ್ತಿದ್ದಳು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ನನಗೆ ಕಣ್ಸನ್ನೆ ಮಾಡುತ್ತಿದ್ದಳು: ಬೇಡ, ಹೇಳಬೇಡ. ಅಕ್ಕನ ಹೆಗಲ ಮೇಲಿನಿಂದ ಪವಿತ್ರಾ ಇಣುಕುತ್ತಿದ್ದಳು: ಹೇಳು ಮಾಮಾ, ಈಗ ಹೇಳು.

ಗೌಡರು ಗೋವಿನಜೋಳದ ಬೆಳೆಯ ಬಗ್ಗೆ ಮಾತಾಡಿದರು, ಮಾವಿನ ಹೂವಿನ ಬಗ್ಗೆ ಕೇಳಿದರು. ನಾನು ಉತ್ತರ ಕೊಡುತ್ತಿದ್ದೆ, ಆದರೆ ಎದೆಯ ಸದ್ದು ಅವರಿಗೂ ಕೇಳಿಸುತ್ತಿದೆಯೇನೋ ಎನಿಸುತ್ತಿತ್ತು. ಆಗ ಮಾಸ್ತರರ ಮಾತು ನೆನಪಾಯಿತು. ಧೋತರದೊಳಗೆ ಕಾಲ್ಬೆರಳು ಬಿಗಿ ಹಿಡಿದೆ. ಸಡಿಲ ಬಿಟ್ಟೆ. ಹಿತವಾಯಿತು! ಹಿಮ್ಮಡಿ. ಇನ್ನೂ ಹಿತವಾಯಿತು. ಮೀನಖಂಡ ಗಂಟು ಕಟ್ಟಲಿಲ್ಲ. ಎದೆ ಬಡಿತ ಇಳಿಯಿತು. ಇನ್ನು ಮೊಣಕಾಲು ಒಂದು ಮುಗಿಸಿ ಮಾತು ಎತ್ತಿಬಿಡೋಣ ಎಂದು ನಿಶ್ಚಯಿಸಿ, ಮೊಣಕಾಲು ಬಿಗಿ ಹಿಡಿದು, ಸಡಿಲ ಬಿಟ್ಟೆ.

ಅಷ್ಟೇ ನೆನಪು.

ಮುಂದೆ ನನಗೆ ಗೊತ್ತಾದದ್ದು ಬಾಯಲ್ಲಿ ಏನೋ ಸಿಹಿ. ಕಣ್ಣು ಬಿಟ್ಟರೆ ಎದುರಿಗೆ ದಪ್ಪ ಮೀಸೆ. ಗೌಡರು ನನ್ನ ತುಟಿಯಿಂದ ಬೆರಳು ತೆಗೆಯುತ್ತ ನಗುತ್ತಿದ್ದರು. "ಆತ್ರೀ ಬೀಗರ! ನಿಮ್ಮ ಇಚ್ಛಾ ಪ್ರಕಾರನ ಆಗ್ಲಿ!"

ಬೀಗರು! ಆ ಒಂದು ಶಬ್ದಕ್ಕೆ ಆರು ರಾತ್ರಿಯ ಅಮಲು ಒಮ್ಮೆಲೇ ಇಳಿಯಿತು. ಸಕ್ಕರೆ ಬಾಯಿಗೆ ಬಿದ್ದಿದೆ. ನಾನು ಮಾತು ಹೇಳಿಲ್ಲ! ಗಾಬರಿಯಿಂದ ಪವಿತ್ರಾಳ ಕಡೆ ನೋಡಿದೆ. ಚಹಾದ ಕಪ್ಪು ಹಂಚಿ ಗೋಡೆಗೆ ನಿಂತಿದ್ದ ಹುಡುಗಿ ತಲೆ ಬಗ್ಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳ ನೌಕರಿ ಹೋಯಿತು. ಅಪ್ಪನಿಲ್ಲದ ಮಗಳು ಒಂದೇ ಒಂದು ಮಾತು ಕೇಳಿದ್ದಳು, ಅದನ್ನು ನಾನು ನಿದ್ದೆಯಲ್ಲಿ ಕಳೆದೆ. ಸಕ್ಕರೆ ನಾಲಿಗೆಯ ಮೇಲೆ ಕರಗುತ್ತಿತ್ತು. ಪೂರ್ತಿ ಕರಗಿದರೆ ಮುಗಿಯಿತು!

ಕಪ್ಪಿನ ಕೆಳಗಿನ ಬಸಿ ಎತ್ತಿದೆ. ಥೂ ಎಂದು ಸಕ್ಕರೆ ಉಗುಳಿದೆ. ಎದ್ದು ನಿಂತೆ.

"ನಮ್ಮ ಹುಡುಗಿ ನೌಕರಿ ಬಿಡೂದಿಲ್ಲ! ಬೇಕಾದ್ರ ಮದವಿ ಬಿಡ್ತಾಳ!"

ಒಳಗೆ ಎಣ್ಣೆಯ ಚುರ್ ಎನ್ನುವ ಸದ್ದೊಂದೇ ಕೇಳುತ್ತಿತ್ತು. ಗೌಡರು ಸಕ್ಕರೆ ಅಂಟಿದ ಬೆರಳು ಎತ್ತಿದವರು ಎತ್ತಿದ ಹಾಗೆಯೇ ಕುಳಿತಿದ್ದರು.

"ಅಲ್ರೀ," ಎಂದರು ನಿಧಾನವಾಗಿ, "ನೌಕರಿ ಬಿಡೂದಿಲ್ಲ ಅಂತ ಹುಡುಗಿನ ಈಗ ಚಾ ಕೊಡೂಮುಂದ ಹೇಳಿದಳಲ್ರೀ. ನಾ ನಿಮ್ಮ ಮಾರಿ ನೋಡಿದೆ. ನೀವು ಕಣ್ಣು ಮುಚ್ಚಿ, ಭಾಳ ವಿಚಾರ ಮಾಡಿ, ಮೂರು ಸಲ ಗೋಣ ಹಾಕಿದ್ರಿ. ಇಷ್ಟು ಗಂಭೀರ ಮನಶ್ಯಾ ಒಪ್ಪಿದ ಮ್ಯಾಲೆ ಇನ್ನೇನೈತಿ ಅಂತ ನಮ್ಮವ್ವನೂ ಹೂಂ ಅಂದಳು. ಸಕ್ಕರಿ ಹಾಕೂಮುಂದ ನಿಮ್ಮ ಬಾಯಿ ಮದಲ ತೆರದಿತ್ತು!"

ನಾನು ಪವಿತ್ರಾಳನ್ನು ನೋಡಿದೆ. "ಮತ್ತ ನೀ ಅಳಾಕತ್ತಿದ್ದೆಲ್ಲಾ?"

"ಭಜಿ ಘಾಟು, ಮಾಮಾ."

ಎಲ್ಲವೂ ಗೆದ್ದಿತ್ತು. ನಾನು ನಿದ್ದೆಯಲ್ಲಿದ್ದಾಗ ಎಲ್ಲ ಗೆದ್ದಿತ್ತು. ಎಚ್ಚರವಾದ ಒಂದೇ ನಿಮಿಷದಲ್ಲಿ ಅದನ್ನು ಬಸಿಗೆ ಉಗುಳಿದ್ದೆ!

ಅಜ್ಜಿ ಕೋಲು ಊರಿದಳು. "ಏಳೋ ಈರಪ್ಪಾ. ಸಕ್ಕರಿ ಉಗುಳಿದ ಮನ್ಯಾಗ ನೀರೂ ಕುಡಿಯೂದ ಬ್ಯಾಡ."

ಅಕ್ಕ ಬಾಗಿಲಲ್ಲೇ ಕುಸಿದು ಕುಳಿತಳು. ಗಿರಿಜಾ ಭಜಿ ಕರಿಯುವ ಝಾರಿ ಹಿಡಿದುಕೊಂಡೇ ಹೊರಗೆ ಓಡಿ ಬಂದಳು. ಮಂಜುನಾಥ ಮೊದಲ ಸಲ ಬಾಯಿ ತೆರೆದು "ಅಜ್ಜೀ" ಎಂದ, ಅಜ್ಜಿ ನೋಡಿದ ಕೂಡಲೇ ಮುಚ್ಚಿದ. ಇನ್ನು ಉಳಿದದ್ದು ಒಂದೇ ದಾರಿ, ಮರ್ಯಾದೆ ಬಿಟ್ಟು ನಿಜ ಹೇಳುವುದು.

"ಅಜ್ಜಿ, ತಪ್ಪಾತ್ರಿ. ನಾ ಗೋಣ ಹಾಕಿದ್ದಲ್ಲ, ತೂಕಡಿಸಿದ್ದು. ನಾ ನಿದ್ದಿ ಮಾಡಿದ್ದೆ."

"ಏನಂದಿ?"

"ಖರೇ ಅಜ್ಜಿ," ಎಂದು ಗಿರಿಜಾ ಝಾರಿ ಎತ್ತಿ ಸಾಕ್ಷಿ ನುಡಿದಳು. "ಆರು ರಾತ್ರಿ ಕಣ್ಣಿಗೆ ಕಣ್ಣು ಹಚ್ಚಿಲ್ಲ ಇವರು. ಈ ಒಂದ ಮಾತು ನಿಮ್ಮ ಮುಂದ ಹೆಂಗ ಹೇಳೂದು ಅಂತ. ನಿದ್ದಿ ಬರ್ಲಿ ಅಂತ ರಾತ್ರಿ ಸೀಟಿ ಹೊಡದ್ರು, ಬೆರಳ ಬಿಗಿ ಹಿಡದ್ರು, ಕಾಲು ಹಿಡಕೊಂಡು ಬೊಬ್ಬಿ ಹೊಡದ್ರು. ಬೇಕಾದ್ರ ಆ ತಾಟು ನೋಡ್ರಿ!"

ಸಕ್ಕರೆಯ ಬಟ್ಟಲು ಇಟ್ಟು ತಂದಿದ್ದ ತಾಟು ಅದೇ ಆಗಿತ್ತು. ಅಜ್ಜಿ ತಾಟನ್ನು ಹತ್ತಿರ ಎಳೆದುಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಕೂಡಿಸಿ ಓದಿದಳು. "ಬಿ-ಗಿ ಹಿ-ಡಿ-ಯಿ-ರಿ. ಸ-ಡಿ-ಲ ಬಿ-ಡಿ-ರಿ." ಬಹಳ ಹೊತ್ತು ತಾಟನ್ನೇ ನೋಡಿದಳು. ಆಮೇಲೆ ಕೋಲು ಪಕ್ಕಕ್ಕಿಟ್ಟು ಮತ್ತೆ ಕುಳಿತಳು.

"ನನ್ನ ಮದವಿ ಮಾತು ನಡದಾಗ ನಾ ಎರಡನೇ ಇಯತ್ತಾ ಓದಾಕತ್ತಿದ್ದೆ," ಎಂದಳು. "ಸಾಲಿ ಬಿಡಿಸಬ್ಯಾಡ ಅಂತ ಹೇಳಪಾ ಅಂತ ನಮ್ಮ ಮಾಮಾನ ಕಾಲ ಹಿಡದಿದ್ದೆ. ಹೂಂ ಅಂದಿದ್ದ. ಸಕ್ಕರಿ ತಿನ್ನೂಮುಂದ ನಾ ಒಳಗಿಂದ ನೋಡಾಕತ್ತಿದ್ದೆ. ಆಂವಾ ನಿದ್ದಿ ಮಾಡಿರಲಿಲ್ಲ. ಎಚ್ಚರ ಇದ್ದು ಸುಮ್ಮನ ತಿಂದಾ. ನನ್ನ ಸಲುವಾಗಿ ಸಕ್ಕರಿ ಉಗುಳಾಕ ಯಾರೂ ಇರಲಿಲ್ಲ."

ಪವಿತ್ರಾ ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತಳು. ಈಗ ಅವಳ ಕಣ್ಣಲ್ಲಿದ್ದ ನೀರು ಭಜಿಯ ಘಾಟಿನದಲ್ಲ ಎಂದು ನನಗೂ ತಿಳಿಯಿತು.

"ಹೊಸಾ ಸಕ್ಕರಿ ತರ್ರಿ," ಎಂದಳು ಅಜ್ಜಿ. "ಆದ್ರ ಮದಲ ಈತನ ಮಾರಿಗೆ ಒಂದ ತಂಬಗಿ ನೀರ ಹೊಡೀರಿ!"

ಹೊಡೆದರು. ಗಿರಿಜಾಳೇ ಹೊಡೆದಳು, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿಯೇ. ಒದ್ದೆ ಮುಖದಲ್ಲಿ, ಎರಡೂ ಕ‌ಣ್ಣು ಅರಳಿಸಿಕೊಂಡು ನಾನು ಎರಡನೆಯ ಸಲ ಸಕ್ಕರೆ ತಿಂದೆ. ಗೌಡರ ಬಾಯಿಗೂ ಹಾಕಿದೆ. ಅವರು ಸಕ್ಕರೆ ಚಪ್ಪರಿಸುತ್ತ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಬೀಗರ, ಒಂದ ಮಾತು. ಇಷ್ಟು ಮಂದ್ಯಾಗ, ಕುಂತಲ್ಲೇ, ಹೆಂಗ ನಿದ್ದಿ ಹತ್ತಿತ್ರೀ ನಿಮಗ? ಇಷ್ಟು ವರ್ಷ ರಾತ್ರಿ ಕರೆಂಟ್ ಬಂದಾಗ ಪಂಪ್ ಚಾಲೂ ಮಾಡಾಕ ಎದ್ದು ಎದ್ದು ನಿದ್ದಿನ ಕೆಟ್ಟಹೋಗೇತಿ. ಈಗ ಹಗಲಿ ಕರೆಂಟ್ ಕೊಟ್ರೂ ನನಗ ರಾತ್ರಿ ಎಚ್ಚರ. ಆಕಳಿಸಿ ಆಕಳಿಸಿ ದವಡಿ ನೋಯತಾವ. ಆ ವಿದ್ಯಾ ನನಗೂ ಕಲಸ್ರಿ!"

ಹಾಗಾದರೆ ಆ ಆಕಳಿಕೆ ನಮ್ಮ ಮನೆ ಹಿಡಿಸದ್ದಕ್ಕಲ್ಲ! ನನಗೆ ಒಮ್ಮೆಲೇ ಈ ಬೀಗರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಹೋಳಿಗೆ, ತುಪ್ಪ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಭಜಿ. ಊಟ ಗಡದ್ದಾಯಿತು. ಪಡಸಾಲೆಯಲ್ಲಿ ಜಮಖಾನ ಹಾಸಿ ಗೌಡರು ಅಂಗಾತ ಮಲಗಿದರು. "ನಾನೂ ಒಂದೀಟ ಕೇಳ್ತೇನಿ" ಎಂದು ಅಜ್ಜಿ ಮಗ್ಗುಲಾದಳು. ಮಂಜುನಾಥನೂ ಕಾಲು ಚಾಚಿದ. ಅಕ್ಕ ಗೋಡೆಗೆ ಒರಗಿದಳು, ಪವಿತ್ರಾ ಅವಳ ತೊಡೆಗೆ. ನಾನು ಹಾಳೆ ಹಿಡಿದು, ಗಂಟಲು ಸರಿಪಡಿಸಿಕೊಂಡು, ಮಾಸ್ತರರ ಗತ್ತಿನಲ್ಲಿ ಪಾಠ ಆರಂಭಿಸಿದೆ. ಬೆರಳು. ಹಿಮ್ಮಡಿ. ಮೀನಖಂಡ. ಮೊಣಕಾಲಿಗೆ ಬರುವಷ್ಟರಲ್ಲಿ ಗೌಡರ ಮೀಸೆ ನಡುಗುವಂಥ ಗೊರಕೆ ಎದ್ದಿತು. ಎರಡನೆಯದು ಅಜ್ಜಿಯದು. ಅಡುಗೆಮನೆಯ ಹೊಸ್ತಿಲ ಮೇಲೆ ಗಿರಿಜಾ ಝಾರಿಯ ಸಮೇತ ಮಲಗಿದ್ದಳು.

ನಾಲ್ಕು ಗಂಟೆಗೆ ಮಾಸ್ತರರು ವರದಿ ಕೇಳಲು ಬಂದರು. ಬಾಗಿಲಲ್ಲೇ ನಿಂತು ಪಡಸಾಲೆಯ ತುಂಬ ಬಿದ್ದಿದ್ದವರನ್ನು ಎಣಿಸಿದರು. "ಶಾಬಾಸ್," ಎಂದು ಪಿಸುಗುಟ್ಟಿದರು. "ನೀ ಎಲ್ಲಿ ತನಕಾ ಹೋದಿ?"

"ನಾ ಓದಾಕತ್ತೇನಿ, ಸರ್."

ಮದುವೆ ಸುಸೂತ್ರವಾಗಿ ಆಯಿತು. ಮೊಮ್ಮಗನ ಮದುವೆಗೆ ಬೀಗರು ಏನು ಕೊಡಬೇಕು ಎಂದಾಗ ಅಜ್ಜಿ ಆ ತಾಟನ್ನೇ ಕೇಳಿ ಒಯ್ದಳು. ಮಕ್ಕಳು ಸವಣೂರಿನಲ್ಲಿ ಮನೆ ಮಾಡಿದ್ದಾರೆ. ಅಲ್ಲಿಂದ ಅವನು ಶಿಗ್ಗಾವಿಗೆ, ಅವಳು ಹತ್ತಿಮತ್ತೂರಿಗೆ. ಬೆಳಿಗ್ಗೆ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತುತ್ತಾರೆ. ಆ ಭಾಗದ ಎಮ್ಮೆಗಳು ಈಗಲೂ ಪವಿತ್ರಾಳನ್ನು ಕಂಡರೆ ಸುಮ್ಮನೆ ನಿಲ್ಲುತ್ತವೆ.

ನನ್ನ ವಿಷಯ ಕೇಳುತ್ತೀರಾ? ಹಂಸಭಾವಿಗೆ ಹೋದ ಮೇಲೆ ಗೌಡರು ಹಾಳೆಯ ನಕಲು ಓದಿ ನೋಡಿದರಂತೆ. ನಿದ್ದೆ ಹತ್ತಲಿಲ್ಲವಂತೆ. "ಅದರಾಗ ಏನೂ ಇಲ್ರೀ ಬೀಗರ, ಎಲ್ಲಾ ನಿಮ್ಮ ದನಿಯಾಗ ಐತಿ" ಎಂದು ತೀರ್ಪು ಕೊಟ್ಟರು. ಸೊಸೆಯ ನೌಕರಿಗೆ ಒಪ್ಪಿದ ಬೀಗರು ಒಂದು ಮಾತು ಕೇಳಿದರೆ ಇಲ್ಲ ಎನ್ನಲು ಬರುತ್ತದೆಯೇ? ಅಂದಿನಿಂದ ದಿನಾ ರಾತ್ರಿ ಒಂಬತ್ತೂವರೆಗೆ ಅವರ ಫೋನು ಬರುತ್ತದೆ. ನಾನು ಹಾಸಿಗೆಯ ಮೇಲೆ ಅಂಗಾತ ಮಲಗಿ, ಫೋನನ್ನು ಬಲಗಿವಿಗೆ ಇಟ್ಟುಕೊಂಡು, ಅವರಿಗೆ ಹೇಳಿಕೊಡುತ್ತ ನಾನೂ ಬಿಗಿ ಹಿಡಿಯುತ್ತ ಹೋಗುತ್ತೇನೆ. ಮೊಣಕಾಲು ಬಿಗಿ ಹಿಡಿಯಿರಿ ಎನ್ನುವಷ್ಟರಲ್ಲಿ ಬಲಗಿವಿಯಲ್ಲಿ ಹಿರೇಕೆರೂರು ತಾಲೂಕಿನ ಗೊರಕೆ ಶುರುವಾಗುತ್ತದೆ. ಎಡಗಿವಿಯಲ್ಲಿ ಹಾನಗಲ್ಲಿನದು, ಗಿರಿಜಾಳದು, ಯಾವಾಗಲೋ ಶುರುವಾಗಿರುತ್ತದೆ. ನಡುವೆ ಎರಡು ತಾಲೂಕುಗಳನ್ನು ಮಲಗಿಸಿದ ನಾನು, ಎರಡೂ ಮೊಣಕಾಲು ಬಿಗಿ ಹಿಡಿದುಕೊಂಡು, 'ಸಡಿಲ ಬಿಡಿರಿ' ಎಂದು ನನಗೆ ಹೇಳುವವರು ಯಾರಾದರೂ ಇನ್ನೂ ಎಚ್ಚರವಿದ್ದಾರೆಯೇ ಎಂದು ಕಾಯುತ್ತ ಮಲಗಿರುತ್ತೇನೆ.